ಕೊಡಗಿನ ಶಾಲೆಯಲ್ಲೊಂದು ಗೇಮ್ ಹಬ್ಬ: ಶಿಕ್ಷಕರಿಗೂ ಮಕ್ಕಳಿಗೂ ಮೂರು ದಿನ

ಮಕ್ಕಳ ಕೈಗೆ ಮೊಬೈಲ್ ಬಂದು ವರ್ಷಗಳಾದವು. ಮಡಿಕೇರಿ ಪೇಟೆಯ ಮನೆಯಲ್ಲೂ ಸಿದ್ದಾಪುರ ಕಡೆಯ ತೋಟ ಕಾರ್ಮಿಕರ ಲೈನ್ ಮನೆಯಲ್ಲೂ ಸಂಜೆಯಾದರೆ ಗೇಮ್ ಶುರು. ಅದರ ಬಗ್ಗೆ ಶಾಲೆ ಹೇಳುವುದು ಹೆಚ್ಚಾಗಿ ಒಂದೇ ಮಾತು: ಬೇಡ. ಹಾಗೆಂದು ಆಟವೇನೂ ನಿಂತಿಲ್ಲ, ದೊಡ್ಡವರ ಕಣ್ಣು ತಪ್ಪಿಸಿ ನಡೆಯುತ್ತಿದೆ ಅಷ್ಟೇ. ಆ ಆಟವನ್ನೇ ಶಾಲೆಯೊಳಗೆ ಕರೆದು, ಬಿಚ್ಚಿ ನೋಡಿ, ಮಕ್ಕಳ ಕೈಯಲ್ಲೇ ಹೊಸದಾಗಿ ಕಟ್ಟಿಸುವ ಮೂರು ದಿನದ ಹಬ್ಬ ಮಾಡುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಒಂದು ಪ್ರೌಢಶಾಲೆ, ಅಕ್ಕಪಕ್ಕದ ನಾಲ್ಕೈದು ಹಿರಿಯ ಪ್ರಾಥಮಿಕ ಶಾಲೆಗಳು, ಹತ್ತಿರದ ಒಂದು ಕಾಲೇಜು ಸೇರಿದರೆ ಸಾಕು.

ಮೊದಲಿಗೇ ಒಂದು ಮಾತು. ಇಂಥ ಕಾರ್ಯಕ್ರಮಗಳಲ್ಲಿ ಹೊರಗಿನಿಂದ ಸಂಪನ್ಮೂಲ ವ್ಯಕ್ತಿ ಬರುತ್ತಾರೆ, ಮಕ್ಕಳಿಗೆ ಕಲಿಸಿ ಹೋಗುತ್ತಾರೆ, ಶಿಕ್ಷಕರು ಬಾಗಿಲ ಬಳಿ ನಿಂತು ಗಲಾಟೆ ತಡೆಯುತ್ತಾರೆ. ಸೋಮವಾರ ಬೆಳಿಗ್ಗೆ ಎಲ್ಲವೂ ಮೊದಲಿನಂತೆಯೇ. ಆದ್ದರಿಂದ ಹಬ್ಬದ ಮೊದಲ ದಿನ ಪೂರ್ತಿ ಶಿಕ್ಷಕರದ್ದೇ ಆಗಿರಲಿ. ಅವರು ತಾವೇ ಒಂದು ಗೇಮ್ ಕಟ್ಟಿ ಮುಗಿಸದೆ ಮಕ್ಕಳ ದಿನ ಶುರುವಾಗಬಾರದು. ದುಡ್ಡು ಕಡಿಮೆಯಾಗಿ ಒಂದು ದಿನ ಕೈಬಿಡಲೇಬೇಕಾದರೆ ಪ್ರದರ್ಶನದ ದಿನವನ್ನು ಬಿಡಿ, ಶಿಕ್ಷಕರ ದಿನವನ್ನು ಬಿಡಬೇಡಿ.

ಹೆಜ್ಜೆ 1: ತಾರೀಖು ಹುಡುಕುವುದು

ಕೊಡಗಿನಲ್ಲಿ ಇದು ಸುಲಭದ ಕೆಲಸವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಯಾವ ದಿನ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೋ, ಯಾವ ದಾರಿಗೆ ಮರ ಬೀಳುತ್ತದೋ, ಕರೆಂಟು ಎಷ್ಟು ದಿನ ಹೋಗುತ್ತದೋ ಹೇಳಲಾಗದು. ಸೆಪ್ಟೆಂಬರ್ ಆರಂಭದಲ್ಲಿ ಕೊಡವರ ಆಯುಧ ಹಬ್ಬ ಕೈಲ್‌ಪೋಳ್ದ್, ಆಮೇಲೆ ದಸರಾ ರಜೆ, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ಡಿಸೆಂಬರ್ ಬಂತೆಂದರೆ ಕಾಫಿ ಕುಯಿಲು ಜೋರಾಗುತ್ತದೆ. ತೋಟದ ಕೆಲಸಗಾರರ ಮನೆಯ ದೊಡ್ಡ ಮಕ್ಕಳು ತಮ್ಮ–ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುವ ಕಾಲ ಅದು. ಜನವರಿ ನಂತರ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಗಳು.

ಉಳಿಯುವುದು ನವೆಂಬರ್. ದೀಪಾವಳಿ ಕಳೆದು ಸುಗ್ಗಿ ಹಬ್ಬ ಪುತ್ತರಿ ಬರುವ ಮೊದಲು, ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಹತ್ತಿರದ ಶುಕ್ರವಾರ, ಶನಿವಾರ, ಭಾನುವಾರ ನೋಡಿ. ಶುಕ್ರವಾರ ಶಿಕ್ಷಕರಿಗೆ, ಶನಿವಾರ ಮಕ್ಕಳಿಗೆ, ಭಾನುವಾರ ಅಪ್ಪ–ಅಮ್ಮಂದಿರನ್ನೂ ಕರೆದು ಪ್ರದರ್ಶನಕ್ಕೆ. ನಿಮ್ಮೂರಿನ ಸಂತೆ ಭಾನುವಾರವೇ ಇದ್ದರೆ ಪ್ರದರ್ಶನವನ್ನು ಬೆಳಿಗ್ಗೆ ಬೇಗ ಇಟ್ಟು ಮಧ್ಯಾಹ್ನಕ್ಕೆ ಮುಗಿಸಿ. ವಾರಕ್ಕೊಮ್ಮೆ ಸಾಮಾನು ತರಲು ಹೋಗುವ ತೋಟದ ಕುಟುಂಬಕ್ಕೆ ಸಂತೆ ಬಿಡುವುದು ಆಗದ ಮಾತು.

ಹೆಜ್ಜೆ 2: ಜಾಗ, ಯಂತ್ರ, ಕರೆಂಟು

ಗಟ್ಟಿ ಬಾಗಿಲಿನ ಎರಡು ಕೋಣೆ, ಒಂದು ಸಭಾಂಗಣ ಅಥವಾ ಉದ್ದ ಜಗಲಿ ಇದ್ದರೆ ಜಾಗದ ಚಿಂತೆ ಮುಗಿಯಿತು. ಕಂಪ್ಯೂಟರ್ ಲೆಕ್ಕ ಹೀಗೆ: ಮೂವರು ಮಕ್ಕಳಿಗೆ ಒಂದು. ಒಬ್ಬರಿಗೆ ಒಂದು ಸಿಕ್ಕರೂ ಬೇಡ. ಒಬ್ಬಳು ಮೌಸ್ ಹಿಡಿದಾಗ ಇನ್ನೊಬ್ಬ ತಪ್ಪು ಹುಡುಕುತ್ತಾನೆ, ಮೂರನೆಯವಳು ಚಿತ್ರ ಬರೆಯುತ್ತಾಳೆ. ಕಲಿಕೆ ಆ ಮಾತುಕತೆಯಲ್ಲೇ ನಡೆಯುತ್ತದೆ. 15 ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಮೌಸ್ ಕೈ ಬದಲಿಸಿ. ಗಂಟೆ ಇಲ್ಲದಿದ್ದರೆ ಮೌಸ್ ಗಂಡುಮಕ್ಕಳ ಕೈಯಲ್ಲೇ ಉಳಿದುಬಿಡುತ್ತದೆ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಆದರೆ ಆಗುತ್ತದೆ.

ಯಂತ್ರ ಎಲ್ಲಿಂದ? ಶಾಲೆಯ ಕಂಪ್ಯೂಟರ್ ಕೋಣೆ ಮೊದಲು. ಅಕ್ಕಪಕ್ಕದ ಯಾವುದಾದರೂ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಅಲ್ಲಿಯೂ ಕೇಳಿ. 6ರಿಂದ 12ನೇ ತರಗತಿ ಮಕ್ಕಳ ಇಂಥ ಕೆಲಸಕ್ಕೆಂದೇ ಇರುವ ಲ್ಯಾಬ್ ಅದು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಇವುಗಳಲ್ಲಿ ನಿಮಗೆ ಹತ್ತಿರದ್ದಕ್ಕೆ ಪತ್ರ ಬರೆದು ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಕಳಿಸಿಕೊಡಲು ಕೇಳಿ. ಹತ್ತು ಜನ ಬಂದರೆ ಹತ್ತು ಲ್ಯಾಪ್‌ಟಾಪೂ ಬಂದಂತೆ.

ಕರೆಂಟಿನ ವಿಷಯದಲ್ಲಿ ಅದೃಷ್ಟ ನಂಬಬೇಡಿ. ಶಾಮಿಯಾನ ಹಾಕುವವರ ಬಳಿ ಜನರೇಟರ್ ಮಾತಾಡಿಟ್ಟುಕೊಳ್ಳಿ. ಡೆಸ್ಕ್‌ಟಾಪ್‌ಗಳಿಗೆ ಯುಪಿಎಸ್ ಇದೆಯೇ, ಇದ್ದರೂ ಅದರ ಬ್ಯಾಟರಿ ಬದುಕಿದೆಯೇ ಎಂದು ವಾರ ಮೊದಲೇ ಪ್ಲಗ್ ಕಿತ್ತು ಪರೀಕ್ಷಿಸಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಲು ಬಿಡಬೇಡಿ, ನೆಲದ ಮೇಲಿನ ವೈರಿಗೆ ಟೇಪ್ ಹಾಕಿ. ಸಿಡಿಲು ಬಂದರೆ ಎಲ್ಲವನ್ನೂ ಆರಿಸಿ ಪ್ಲಗ್ ತೆಗೆಯುವ ಜವಾಬ್ದಾರಿ ಒಬ್ಬರಿಗೆ ಒಪ್ಪಿಸಿ. ನವೆಂಬರ್‌ನಲ್ಲೂ ನಮ್ಮಲ್ಲಿ ಸಂಜೆ ಗುಡುಗುವುದುಂಟು.

ಇಂಟರ್ನೆಟ್ ಇಲ್ಲವೇ ಇಲ್ಲ ಎಂದುಕೊಂಡು ತಯಾರಿ ಮಾಡಿ. ಪೇಟೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಊರುಗಳು ನಮ್ಮವು. ಮುಂದೆ ಹೇಳುವ ತಂತ್ರಾಂಶಗಳನ್ನೆಲ್ಲ ಮೊದಲೇ ಇಳಿಸಿ, ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿಡಿ. ಆ ಎರಡನ್ನು ಬಿಟ್ಟು ಬೇರೆ ಪೆನ್‌ಡ್ರೈವ್ ಯಾವ ಯಂತ್ರಕ್ಕೂ ಹೋಗಬಾರದು. ಒಂದರಲ್ಲಿ ವೈರಸ್ ಇದ್ದರೆ ಮಧ್ಯಾಹ್ನದೊಳಗೆ ಇಡೀ ಲ್ಯಾಬ್ ಮಲಗುತ್ತದೆ.

ಹೆಜ್ಜೆ 3: ಅನುಮತಿ ಮತ್ತು ಸುರಕ್ಷತೆ

ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ, ಉಪನಿರ್ದೇಶಕರಿಗೆ ಪ್ರತಿ, ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ, ಸಭೆಯಲ್ಲಿ ಒಂದು ನಿರ್ಣಯ. ಶಿಕ್ಷಕರಿಗೆ ಅನ್ಯಕಾರ್ಯ ನಿಮಿತ್ತ ರಜೆ ಸಿಗಬೇಕಾದರೆ ಆದೇಶ ಮೊದಲೇ ಬರಬೇಕು, ಹಾಗಾಗಿ ತಿಂಗಳ ಮುಂಚೆಯೇ ಓಡಾಡಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಕೂಡಿಗೆಯಲ್ಲಿದೆ. ಶಿಕ್ಷಕರ ದಿನವನ್ನು ಅವರ ಜೊತೆ ಸೇರಿ ಮಾಡಿದರೆ ಅದು ತರಬೇತಿಯ ಲೆಕ್ಕಕ್ಕೂ ಬರಬಹುದು, ಕೇಳಿ ನೋಡಿ.

ಪ್ರತಿ ಮಗುವಿನ ಪೋಷಕರಿಂದ ಸಹಿ ಮಾಡಿದ ಒಪ್ಪಿಗೆ ಚೀಟಿ ತರಿಸಿ, ಫೋಟೋ ತೆಗೆಯಬಹುದೇ ಎಂಬುದಕ್ಕೆ ಅದರಲ್ಲೇ ಬೇರೆ ಸಾಲು ಇರಲಿ. ಮಕ್ಕಳ ಹೆಸರಲ್ಲಿ ಯಾವ ಜಾಲತಾಣದಲ್ಲೂ ಖಾತೆ ತೆರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಖಾತೆ ಇಲ್ಲದೆ ನಡೆಯುವ ತಂತ್ರಾಂಶಗಳನ್ನೇ ಇಲ್ಲಿ ಆರಿಸಿದ್ದೇನೆ. ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರು, ಒಬ್ಬರು ಮಹಿಳೆ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಗೋಡೆಯ ಮೇಲೆ.

ಪ್ರಾಯೋಜಕರ ವಿಚಾರದಲ್ಲಿ ಗಟ್ಟಿಯಾಗಿರಿ. ಹಣ ಕಟ್ಟಿ ಆಡುವ ಆ್ಯಪ್‌ಗಳ ಹೆಸರು ಬ್ಯಾನರಿನ ಮೂಲೆಯಲ್ಲೂ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದಾಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಊಟ, ಜೀಪ್ ಬಾಡಿಗೆ, ಪ್ರಿಂಟ್, ಜನರೇಟರ್ ಡೀಸೆಲ್, ಖರ್ಚು ಇಷ್ಟೇ. ಊರಿನ ಸಹಕಾರ ಸಂಘ, ಹಳೆ ವಿದ್ಯಾರ್ಥಿಗಳು, ತೋಟದ ಮಾಲೀಕರು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಹೆಜ್ಜೆ 4: ಯಂತ್ರಗಳಿಗೆ ಏನು ತುಂಬಿಸಬೇಕು

ಶಿಕ್ಷಕರಿಗೂ ಶಾಲೆಯ ಮಕ್ಕಳಿಗೂ ಗೇಮ್ ಕಟ್ಟಲು ಎರಡೇ ಸಾಧನ ಸಾಕು. ಹೆಚ್ಚು ತೋರಿಸಿದಷ್ಟೂ ಗೊಂದಲ.

ಒಂದು ಟ್ವೈನ್. ಅಮೆರಿಕದ ಕ್ರಿಸ್ ಕ್ಲಿಮಸ್ 2009ರಲ್ಲಿ ಬಿಡುಗಡೆ ಮಾಡಿದ ಉಚಿತ ತಂತ್ರಾಂಶ ಇದು. ಓದುಗ ಆರಿಸಿದಂತೆ ದಾರಿ ಬದಲಿಸುವ ಕಥೆಗಳನ್ನು ಇದರಲ್ಲಿ ಬರೆಯಬಹುದು. ಕೋಡ್ ಬರೆಯಬೇಕಾಗಿಲ್ಲ. ಕಥೆ ಮುಗಿದ ಮೇಲೆ ಒಂದೇ ಕಡತವಾಗಿ ಉಳಿಯುತ್ತದೆ, ಯಾವ ಮೊಬೈಲ್ ಬ್ರೌಸರಿನಲ್ಲಿಯೂ ತೆರೆಯುತ್ತದೆ. ಕನ್ನಡ ಚೆನ್ನಾಗಿ ಮೂಡುತ್ತದೆ, ಆದರೆ ಟೈಪಿಸುವುದು ಯೂನಿಕೋಡ್‌ನಲ್ಲೇ ಇರಬೇಕು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಿಸಿ ರೂಢಿಯಾದ ಶಿಕ್ಷಕರು ಅದನ್ನೇ ಅಂಟಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಪ್ರತಿ ಯಂತ್ರದಲ್ಲೂ ಯೂನಿಕೋಡ್ ಕನ್ನಡ ಕೀಲಿಮಣೆ ಇದೆಯೇ ಎಂದು ಮೊದಲೇ ನೋಡಿ.

ಇನ್ನೊಂದು ಸ್ಕ್ರಾಚ್. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಇದರಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಗೇಮ್ ಮಾಡಬಹುದು. ಈಗಿನ ಆವೃತ್ತಿಗೆ ವಿಂಡೋಸ್ 10 ಬೇಕು. ನಿಮ್ಮ ಲ್ಯಾಬಿನದು ಅದಕ್ಕಿಂತ ಹಳೆಯ ಯಂತ್ರವಾದರೆ ಸ್ಕ್ರಾಚ್ 1.4 ಹಾಕಿ. ಮುಖ ಹಳತಾದರೂ ಒಳಗಿನ ಪಾಠ ಅದೇ. ತುಂಡುಗಳ ಮೇಲಿನ ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬರೆದ ದೊಡ್ಡ ಚಾರ್ಟ್ ಪ್ರತಿ ಗೋಡೆಗೂ ಒಂದು. ಅದನ್ನು ಮಕ್ಕಳ ಕೈಯಲ್ಲೇ ಬರೆಸಿ.

ಆಡಲೆಂದು ಒಂದು ಮೂಲೆ ಬೇರೆ ಇರಲಿ. ಚಿಕ್ಕವರಿಗೆ ಜಿಕಾಂಪ್ರಿ, ಎಣಿಕೆ, ಬಣ್ಣ, ಒಗಟುಗಳ ದೊಡ್ಡ ಸಂಗ್ರಹ, ಉಚಿತ. ದೊಡ್ಡವರಿಗೆ ಲುವಾಂಟಿ, ಮೊದಲು ಮೈನ್‌ಟೆಸ್ಟ್ ಎಂದಿದ್ದುದು. ಮೈನ್‌ಕ್ರಾಫ್ಟ್ ಥರದ ಇಟ್ಟಿಗೆ ಲೋಕ, ಇಂಟರ್ನೆಟ್ ಇಲ್ಲದೆಯೂ ಒಂದೇ ಕೋಣೆಯ ಯಂತ್ರಗಳನ್ನು ಜೋಡಿಸಿ ಒಟ್ಟಿಗೆ ಆಡಬಹುದು. ವಿಜ್ಞಾನ ಶಿಕ್ಷಕರಿಗೆ ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿದ, ಕಂಪ್ಯೂಟರ್ ತೆರೆಯ ಮೇಲೆ ನಡೆಯುವ ಫೆಟ್ ಪ್ರಯೋಗಗಳು. ಅವು ಗೇಮ್ ಅಲ್ಲ ನಿಜ, ಆದರೆ ಗುಂಡಿ ತಿರುಗಿಸಿ ಏನಾಗುತ್ತದೆ ಎಂದು ನೋಡುವ ಖುಷಿ ಎರಡರಲ್ಲೂ ಒಂದೇ. ಕೆಲವು ಕನ್ನಡದಲ್ಲಿಯೂ ಇವೆ.

ಬಂದೂಕಿನ ಗೇಮ್ ಬೇಕೇ ಎಂದು ಮಕ್ಕಳು ಕೇಳದೆ ಬಿಡರು. ಬೇಡ. ಆದರೆ ಬೇಡ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಗೇಮಿನ ಪಕ್ಕದಲ್ಲಿರುವ 3+, 7+, 12+, 16+, 18+ ಎಂಬ ವಯಸ್ಸಿನ ಗುರುತನ್ನು ತೋರಿಸಿ, ನೀವು ಆಡುವ ಗೇಮಿಗೆ ಯಾವುದಿದೆ, ಯಾಕಿದೆ ಎಂದು ಅವರನ್ನೇ ಹುಡುಕಲು ಬಿಡಿ.

ಹೆಜ್ಜೆ 5: ಶಿಕ್ಷಕರ ಶುಕ್ರವಾರ

ಸ್ವಾಗತ, ಉದ್ಘಾಟನೆ, ಹಾರ ಎಲ್ಲ ಭಾನುವಾರಕ್ಕೆ. ಶುಕ್ರವಾರ ಒಂಬತ್ತೂವರೆಗೆ ಶಿಕ್ಷಕರು ನೇರವಾಗಿ ಮಣೆಯ ಮುಂದೆ ಕೂರಲಿ. ಹೌದು, ಮೊದಲು ಕಂಪ್ಯೂಟರ್ ಅಲ್ಲ, ಚೌಕಾಬಾರ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ತಲಾ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಹುಣಿಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿಕೊಳ್ಳಿ. ಹದಿನೈದು ನಿಮಿಷ ಆಡಿದ ಮೇಲೆ ಒಂದೇ ಒಂದು ನಿಯಮ ಬದಲಿಸಲು ಹೇಳಿ. ಒಂದು ಗುಂಪು ಕ್ಷೇಮದ ಮನೆಗಳನ್ನೆಲ್ಲ ತೆಗೆದುಹಾಕುತ್ತದೆ, ಆಟ ರಣರಂಗವಾಗುತ್ತದೆ. ಇನ್ನೊಂದು ಗುಂಪು ಕಾಯಿ ಹೊಡೆಯುವುದನ್ನೇ ನಿಲ್ಲಿಸುತ್ತದೆ, ಐದು ನಿಮಿಷದಲ್ಲಿ ಎಲ್ಲರಿಗೂ ಬೇಜಾರು. ಗುರಿ, ನಿಯಮ, ಅಡ್ಡಿ, ಆಯ್ಕೆ, ಫಲ, ಗೇಮ್ ವಿನ್ಯಾಸದ ಐದೂ ಮಾತುಗಳನ್ನು ಅಲ್ಲೇ ಬೋರ್ಡಿನ ಮೇಲೆ ಬರೆಯಿರಿ. ವಿಡಿಯೋ ಗೇಮಿನಲ್ಲೂ ಇರುವುದು ಇವೇ.

ಇಷ್ಟಾದ ಮೇಲೆ ಹತ್ತು ನಿಮಿಷ ಚರಿತ್ರೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಪ್ರಯೋಗಾಲಯ ನೋಡಲು ಬರುವ ಜನಕ್ಕೆ ಬೇಜಾರಾಗದಿರಲಿ ಎಂದು ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ಎಂಬ ಯಂತ್ರದ ಪುಟ್ಟ ತೆರೆಯ ಮೇಲೆ ಟೆನ್ನಿಸ್ ಆಟ ಮಾಡಿದರು. ಜನ ಸಾಲುಗಟ್ಟಿ ಆಡಿದರು. ಅಂದರೆ ಜಗತ್ತಿನ ಮೊದಮೊದಲ ವಿಡಿಯೋ ಗೇಮುಗಳಲ್ಲೊಂದು ಹುಟ್ಟಿದ್ದೇ ವಿಜ್ಞಾನ ಪ್ರದರ್ಶನದಲ್ಲಿ. ವಿಜ್ಞಾನ ಮೇಳ ನಡೆಸಿ ಅಭ್ಯಾಸವಿರುವ ಶಿಕ್ಷಕರಿಗೆ ಈ ಕಥೆ ಬೇಗ ಹತ್ತಿರವಾಗುತ್ತದೆ.

ಮಧ್ಯಾಹ್ನದವರೆಗೆ ಟ್ವೈನ್, ಊಟದ ನಂತರ ಸ್ಕ್ರಾಚ್. ಪ್ರತಿ ಶಿಕ್ಷಕರೂ ತಮ್ಮ ವಿಷಯದ ಒಂದು ಪಾಠ ತೆಗೆದುಕೊಂಡು ಸಂಜೆಯೊಳಗೆ ಪುಟ್ಟದೊಂದು ಗೇಮ್ ಮುಗಿಸಬೇಕು, ಎಷ್ಟೇ ಒರಟಾಗಿರಲಿ. ಸಮಾಜ ವಿಜ್ಞಾನದವರು ಗ್ರಾಮ ಪಂಚಾಯಿತಿಯ ದುಡ್ಡನ್ನು ರಸ್ತೆ, ನೀರು, ಶಾಲೆಗೆ ಹಂಚುವ ಆಟ ಮಾಡಬಹುದು. ಕನ್ನಡದವರಿಗೆ ಕವಲೊಡೆಯುವ ಕಥೆ. ಗಣಿತದವರಿಗೆ ಸ್ಕ್ರಾಚ್ ವೇದಿಕೆಯೇ ಒಂದು ನಕ್ಷೆ ಹಾಳೆ: ನಟ್ಟನಡುವೆ ಸೊನ್ನೆ, ಎಕ್ಸ್ ಅಕ್ಷ ಮೈನಸ್ 240ರಿಂದ 240, ವೈ ಅಕ್ಷ ಮೈನಸ್ 180ರಿಂದ 180. ಒಂಬತ್ತನೇ ತರಗತಿಯಲ್ಲಿ ನಿರ್ದೇಶಾಂಕ ರೇಖಾಗಣಿತಕ್ಕೆ ಬಂದು ನಿಂತ ಮಕ್ಕಳಿಗೆ ಸ್ಕ್ರಾಚ್ ತೆರೆದಾಗ ಕಾಣುವ ಬೆಕ್ಕನ್ನು ಮೈನಸ್ ಕಡೆಗೆ ಓಡಿಸಿ ತೋರಿಸಿದರೆ ಋಣ ಸಂಖ್ಯೆ ಎಲ್ಲಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕಂಪ್ಯೂಟರ್ ಮುಟ್ಟಲು ಹಿಂಜರಿಯುವ ಹಿರಿಯ ಶಿಕ್ಷಕರು ಇದ್ದೇ ಇರುತ್ತಾರೆ. ಅವರ ಪಕ್ಕ ಕಾಲೇಜು ಸ್ವಯಂಸೇವಕರನ್ನು ಕೂರಿಸಿ, ಆದರೆ ಮೌಸ್ ಶಿಕ್ಷಕರ ಕೈಯಲ್ಲೇ ಇರಲಿ ಎಂದು ಸ್ವಯಂಸೇವಕರಿಗೆ ಮೊದಲೇ ಹೇಳಿಡಿ. "ಕೊಡಿ ಮಿಸ್, ನಾನು ಮಾಡ್ತೀನಿ" ಎಂಬ ಸಹಾಯದಿಂದ ಯಾರೂ ಏನೂ ಕಲಿಯುವುದಿಲ್ಲ.

ಹೆಜ್ಜೆ 6: ಮಕ್ಕಳ ಶನಿವಾರ

5ರಿಂದ 7ನೇ ತರಗತಿಯವರು ಒಂದು ಕೋಣೆ, 8ರಿಂದ 10 ಇನ್ನೊಂದು, ಪಿಯು ಮತ್ತು ಕಾಲೇಜಿನವರು ಸಭಾಂಗಣದಲ್ಲಿ. ಗುಂಪು ಮಾಡುವಾಗ ಬೇರೆ ಬೇರೆ ಶಾಲೆಯ ಮಕ್ಕಳನ್ನು ಬೆರೆಸಿ.

ಬೆಳಿಗ್ಗೆ ಮೊದಲು ಕಾಗದ. ಯಾರ ಆಟ, ಏನು ಗುರಿ, ಏನು ಅಡ್ಡಿ ಎಂದು ಚಿತ್ರ ಬರೆದು ತೋರಿಸಿದ ಗುಂಪಿಗೆ ಮಾತ್ರ ಯಂತ್ರ. ಆಟದ ವಸ್ತು ಅವರ ಸುತ್ತಲಿನದೇ ಆಗಲಿ. ಇಲ್ಲಿಯ ಮಕ್ಕಳಿಗೆ ಹೇಳಲು ಎಷ್ಟಿದೆ! ತೋಟಕ್ಕೆ ನುಗ್ಗುವ ಆನೆ, ಬಸ್ಸು ತಪ್ಪಿದ ದಿನ, ಕಾವೇರಿಯಲ್ಲಿ ಮೀನು, ಹಾಕಿ ಮೈದಾನ, ಪುತ್ತರಿಯ ಕದಿರು. ಒಂದು ಎಚ್ಚರಿಕೆ: 2018ರ ಆಗಸ್ಟ್‌ನ ಭೂಕುಸಿತ ಎಷ್ಟೋ ಮನೆಗಳಲ್ಲಿ ಇನ್ನೂ ಮಾಯದ ಗಾಯ. ಆ ವಿಷಯವನ್ನು ನೀವಾಗಿ ಕೊಡಬೇಡಿ. ಮಗುವೇ ಆರಿಸಿಕೊಂಡರೆ ತಡೆಯಬೇಡಿ, ಅವರನ್ನು ಬಲ್ಲ ಶಿಕ್ಷಕರೊಬ್ಬರು ಆ ಗುಂಪಿನ ಹತ್ತಿರ ಇರಲಿ.

ಚಿಕ್ಕವರಿಗೆ ಟ್ವೈನ್ ಹೀಗೆ ಶುರು ಮಾಡಿ. ಮೊದಲ ಪೆಟ್ಟಿಗೆಯಲ್ಲಿ ಇಷ್ಟು ಬರೆಸಿ (ರೈಟರ್ ಎಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು):

ನೀನು ಶಾಲೆಗೆ ಹೊರಟಿದ್ದೀಯ. ತೋಟದ ದಾರಿಯಲ್ಲಿ ಆನೆ ಲದ್ದಿ ಬಿದ್ದಿದೆ. ಇನ್ನೂ ಹೊಗೆಯಾಡುತ್ತಿದೆ.
[[ಅದೇ ದಾರಿಯಲ್ಲಿ ಮುಂದೆ ಹೋಗು]]
[[ಮನೆಗೆ ವಾಪಸ್ ಓಡು]]
[[ತೋಟದ ರೈಟರ್‌ಗೆ ಹೇಳು]]

ಎರಡೆರಡು ಚೌಕ ಆವರಣದ ಒಳಗೆ ಬರೆದ ಪ್ರತಿ ಸಾಲಿಗೂ ಟ್ವೈನ್ ತಾನೇ ಹೊಸ ಪೆಟ್ಟಿಗೆ ತೆರೆದು ಬಾಣದ ಗೆರೆ ಎಳೆಯುತ್ತದೆ. ಮಕ್ಕಳಿಗೆ ಇದೊಂದು ತಿಳಿದರೆ ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ತೆರೆಯ ಮೇಲೆ ಇಪ್ಪತ್ತು ಪೆಟ್ಟಿಗೆಗಳ ಬಲೆ ಎದ್ದಿರುತ್ತದೆ. ಆಗ ಶಿಕ್ಷಕರು ಕೇಳಬೇಕಾದ್ದು: ಮುಂದೆ ಹೋದವರೆಲ್ಲ ಸಾಯಲೇಬೇಕಾ? ವಾಪಸ್ ಓಡಿದವನಿಗೆ ಆಮೇಲೆ ಏನಾಗುತ್ತದೆ, ಆ ದಿನದ ಪಾಠ ತಪ್ಪಿತಲ್ಲ? ರೈಟರ್ ಫೋನ್ ಎತ್ತದಿದ್ದರೆ ಅರಣ್ಯ ಇಲಾಖೆಗೆ ಯಾರು ಹೇಳುತ್ತಾರೆ? ಆನೆ ದಾರಿಗೆ ತೋಟ ಬಂದದ್ದೋ, ತೋಟಕ್ಕೆ ಆನೆ ಬಂದದ್ದೋ ಎಂಬ ವಾದ ಆರನೇ ತರಗತಿಯ ಮಕ್ಕಳ ನಡುವೆ ತಾನಾಗಿ ಏಳುತ್ತದೆ. ಅದನ್ನು ನಿಲ್ಲಿಸಬೇಡಿ.

ಹೈಸ್ಕೂಲಿನವರಿಗೆ ಸ್ಕ್ರಾಚ್‌ನಲ್ಲಿ ಕಾಫಿ ಕುಯಿಲಿನ ಆಟ. ಮೇಲಿನಿಂದ ಹಣ್ಣು, ಕಾಯಿ ಬೀಳುತ್ತವೆ, ಕೆಳಗೆ ಬುಟ್ಟಿ. ಕೆಂಪು ಹಣ್ಣಿಗೆ ಒಂದು ಅಂಕ ಕೂಡಿಸು, ಹಸಿರು ಕಾಯಿಗೆ ಒಂದು ಕಳೆ. ಕಾಯಿ ಬೆರೆತರೆ ಕಾಫಿಯ ರುಚಿ ಕೆಡುತ್ತದೆ ಎಂಬುದು ತೋಟದ ಮಕ್ಕಳಿಗೆ ಗೊತ್ತಿರುವ ಸಂಗತಿ. ಬುಟ್ಟಿಗೆ: ಹಸಿರು ಬಾವುಟ ಒತ್ತಿದಾಗ, ಸದಾ, ಬಲ ಬಾಣ ಒತ್ತಿದ್ದರೆ ಎಕ್ಸ್‌ಗೆ 10 ಕೂಡಿಸು, ಎಡ ಬಾಣವಾದರೆ 10 ಕಳೆ. ಹಣ್ಣಿಗೆ: ವೈ 180ರಲ್ಲಿ, ಎಕ್ಸ್ ಮೈನಸ್ 220ರಿಂದ 220ರ ನಡುವೆ ಎಲ್ಲಾದರೂ ಶುರುವಾಗು, ಸದಾ ವೈ ಯಿಂದ 5 ಕಳೆ, ವೈ ಮೈನಸ್ 170ಕ್ಕಿಂತ ಕೆಳಗಿಳಿದರೆ ಮತ್ತೆ ಮೇಲೆ ಹೋಗು. ಬುಟ್ಟಿ ಮುಟ್ಟಿದರೆ ಅಂಕ 1 ಹೆಚ್ಚಿಸು.

ಇಷ್ಟು ಮಾಡಿ ಆಡಿಸಿದರೆ ಒಂದು ಹಣ್ಣು ಹಿಡಿದಾಗ ಅಂಕ ಒಂದರ ಬದಲು ಸರ್ರನೆ ಏಳೆಂಟು ಏರಿಬಿಡುತ್ತದೆ. ಪ್ರತಿ ಗುಂಪಿಗೂ ಆಗುತ್ತದೆ. ಹಣ್ಣು ಬುಟ್ಟಿಯನ್ನು ಮುಟ್ಟಿಕೊಂಡು ಇಳಿಯುವಷ್ಟು ಹೊತ್ತೂ ಯಂತ್ರ ಎಣಿಸುತ್ತಲೇ ಇರುತ್ತದೆ. ಹಿಡಿದ ಕೂಡಲೇ ಹಣ್ಣನ್ನು ಮೇಲಕ್ಕೆ ಕಳಿಸಿದರೆ ಸರಿಹೋಗುತ್ತದೆ. ಇದನ್ನು ಹೇಳಿಕೊಡಲು ನಿಮ್ಮ ನಾಲಿಗೆ ತುದಿಯಲ್ಲಿ ಮಾತು ಕುಣಿಯುತ್ತದೆ, ದಯವಿಟ್ಟು ಹೇಳಬೇಡಿ. "ಯಂತ್ರ ಒಂದು ಸೆಕೆಂಡಿಗೆ ಎಷ್ಟು ಸಲ ನೋಡುತ್ತಿರಬಹುದು?" ಎಂದಷ್ಟೇ ಕೇಳಿ ಮುಂದಿನ ಗುಂಪಿಗೆ ಹೋಗಿ. ಹತ್ತು ನಿಮಿಷ ಗುದ್ದಾಡಿ ತಾವೇ ಕಂಡುಕೊಂಡ ಮಕ್ಕಳ ಕೂಗು ಪಕ್ಕದ ಕೋಣೆಗೆ ಕೇಳಿಸುತ್ತದೆ. ತಪ್ಪಾದರೆ ಬೆತ್ತವಿಲ್ಲ, ಕೆಂಪು ಗೆರೆಯಿಲ್ಲ, ಮತ್ತೆ ಓಡಿಸಿ ನೋಡು ಎನ್ನುವ ಯಂತ್ರದ ಮುಂದೆ ಕೂತಾಗ ಮಕ್ಕಳ ಧೈರ್ಯವೇ ಬೇರೆ. ಶಿಕ್ಷಕರು ಕಣ್ಣಾರೆ ನೋಡಬೇಕಾದ್ದು ಇದನ್ನೇ ಎಂದು ನನ್ನ ನಂಬಿಕೆ.

ಆಮೇಲೆ ವೇಗ. 5ರ ಬದಲು 15 ಕಳೆದರೆ ಹಣ್ಣು ಕೈಗೇ ಸಿಗದು, 2 ಮಾಡಿದರೆ ನಿದ್ದೆ ಬರುತ್ತದೆ. ಆಡುವವರಿಗೆ ಕಷ್ಟ ಎಷ್ಟಿರಬೇಕು ಎಂದು ಮಕ್ಕಳು ಲೆಕ್ಕ ಹಾಕುವಾಗ ಪಕ್ಕದಲ್ಲಿರುವ ಶಿಕ್ಷಕರಿಗೆ ತಮ್ಮ ಪ್ರಶ್ನೆಪತ್ರಿಕೆ ನೆನಪಾದರೆ ಒಳ್ಳೆಯದೇ.

ಭಾಷೆಯನ್ನು ಮುಕ್ತವಾಗಿ ಬಿಡಿ. ಸ್ಕ್ರಾಚ್‌ನಲ್ಲಿ ಧ್ವನಿ ಮುದ್ರಿಸಬಹುದು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವರ ಮಾತು, ಜೇನುಕುರುಬರ ಮಾತು, ಯಾವುದು ಮನೆಯದೋ ಅದರಲ್ಲೇ ಪಾತ್ರಗಳು ಮಾತಾಡಲಿ. ತರಗತಿಯಲ್ಲಿ ಬಾಯಿ ಬಿಡದ, ಬುಡಕಟ್ಟು ಹಾಡಿಯ ಮಗುವಿನ ಧ್ವನಿ ಗೇಮಿನೊಳಗಿಂದ ಕೇಳಿದಾಗ ಇಡೀ ಗುಂಪು ಆ ಮಗುವಿನ ಕಡೆ ತಿರುಗುತ್ತದೆ. ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳೆರಡೂ ಮಡಿಕೇರಿಯಲ್ಲೇ ಇವೆ. ಬರವಣಿಗೆ ತಿದ್ದಿಕೊಡಲು ಬಲ್ಲವರೊಬ್ಬರನ್ನು ಕಳಿಸಿ ಎಂದು ಕೇಳಬಹುದು.

ಪಿಯು ಮತ್ತು ಕಾಲೇಜಿನವರು ಗೇಮ್ ಕಟ್ಟುವ ಗೋಡೋ ಎಂಜಿನ್ ನೋಡಲಿ. ಇದು ಉಚಿತ, ಮುಕ್ತ ತಂತ್ರಾಂಶ, ನಿಜವಾದ ಉದ್ಯಮದ ಸಾಧನ. ಒಂದು ದಿನದಲ್ಲಿ ಕಲಿತು ಮುಗಿಯುವುದಿಲ್ಲ, ಪರಿಚಯ ಸಾಕು. ಅವರಿಗೆ ಬೇಕಾದ್ದು ಉದ್ಯೋಗದ ಮಾತು. ಆನಿಮೇಷನ್, ಗೇಮಿಂಗ್ ವಲಯಕ್ಕೆಂದೇ ಕರ್ನಾಟಕ 2012ರಲ್ಲೇ ನೀತಿ ತಂದಿತು, 2024ರಲ್ಲಿ ಹೊಸ ನೀತಿ ಬಂತು. ಬೆಂಗಳೂರಿನಲ್ಲಿ ಸ್ಟುಡಿಯೋಗಳಿವೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ 'ರಾಜಿ' ನಮ್ಮ ಪುರಾಣವನ್ನೇ ಹಿಡಿದು ಜಗತ್ತಿನ ಆಟಗಾರರನ್ನು ತಲುಪಿತು. ಗೇಮ್ ಕಂಪನಿಯಲ್ಲಿ ಕೋಡ್ ಬರೆಯುವವರ ಜೊತೆಗೆ ಚಿತ್ರ, ಸಂಗೀತ, ಕಥೆ, ಪರೀಕ್ಷೆ, ಅನುವಾದ ಮಾಡುವವರೂ ಬೇಕು ಎಂದು ಬಿಎ ಓದುವವರಿಗೆ ಒತ್ತಿ ಹೇಳಿ.

ಮೂರೂವರೆಗೆ ಎಲ್ಲ ಆರಿಸಿ. ನಾಪೋಕ್ಲು ಕಡೆಯದೋ ಶನಿವಾರಸಂತೆ ಕಡೆಯದೋ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂದು ನಿಮಗೇ ಗೊತ್ತು. ತೋಟದ ಒಳದಾರಿಯ ಮಕ್ಕಳು ಕತ್ತಲಾಗುವ ಮೊದಲೇ ಮನೆ ಸೇರಬೇಕು, ಅವರಿಗೆ ಜೀಪ್ ಕಡ್ಡಾಯ.

ಹೆಜ್ಜೆ 7: ಭಾನುವಾರ, ಊರೆಲ್ಲ ಬರುವ ದಿನ

ಜಗಲಿಯ ಉದ್ದಕ್ಕೂ ಮೇಜು, ಪ್ರತಿ ಮೇಜಿನ ಮೇಲೆ ಒಂದು ಗೇಮ್, ಹಿಂದೆ ಅದನ್ನು ಕಟ್ಟಿದ ಮೂವರು. ಅಪ್ಪ, ಅಮ್ಮ, ಅಜ್ಜಿ, ಪಂಚಾಯಿತಿ ಸದಸ್ಯರು, ಎಲ್ಲರೂ ಕೂತು ಆಡಬೇಕು. ಆಡುವಾಗ ಕಟ್ಟಿದವರು ಬಾಯಿ ಮುಚ್ಚಿಕೊಂಡು ನೋಡಬೇಕು ಎಂಬುದು ಒಂದೇ ಕಟ್ಟುನಿಟ್ಟಿನ ನಿಯಮ. ಅಜ್ಜಿಗೆ ಬಾಣದ ಗುಂಡಿ ಸಿಗಲಿಲ್ಲ ಎಂದರೆ ಆಟದಲ್ಲಿ ಅದನ್ನು ಹೇಳಿಲ್ಲ ಎಂದರ್ಥ. ಆಡಿದವರಿಗೆ ಒಂದು ಚೀಟಿ ಕೊಡಿ: ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಎಲ್ಲಿ ಖುಷಿಯಾಯಿತು, ಇನ್ನೊಮ್ಮೆ ಆಡುತ್ತೀರಾ? ಬರೆಯಲು ಬಾರದವರ ಮಾತನ್ನು ಮಕ್ಕಳೇ ಕೇಳಿ ಬರೆದುಕೊಳ್ಳಲಿ.

ಪ್ರಥಮ, ದ್ವಿತೀಯ, ತೃತೀಯ ಬೇಡ. ಪ್ರತಿಭಾ ಕಾರಂಜಿಯಿಂದ ಹಿಡಿದು ಎಲ್ಲೆಡೆ ಸ್ಥಾನ ಕೊಟ್ಟು ಕೊಟ್ಟು, ಬಹುಮಾನ ಬಾರದ ಕೆಲಸಕ್ಕೆ ಬೆಲೆಯಿಲ್ಲ ಎಂದು ಮಕ್ಕಳು ನಂಬಿಬಿಟ್ಟಿದ್ದಾರೆ. ತುಂಬಿದ ಚೀಟಿಗಳ ಕಟ್ಟೇ ಇಲ್ಲಿ ಬಹುಮಾನವಾಗಲಿ.

ಪೋಷಕರಿಗೆಂದೇ ಒಂದು ಗಂಟೆ ಪ್ರತ್ಯೇಕ ಇಡಿ, ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕರೆಯಲು ಪ್ರಯತ್ನಿಸಿ. ಮಗ ಗೇಮ್ ಬಿಡುವುದಿಲ್ಲ ಎಂಬ ಅಳಲನ್ನು ಹಗುರವಾಗಿ ತಳ್ಳಿಹಾಕಬಾರದು, ಆಡುವ ಮಗುವಿಗೆಲ್ಲ ಚಟದ ಹಣೆಪಟ್ಟಿ ಹಚ್ಚಲೂಬಾರದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ಗೇಮಿಂಗ್ ಕಾಯಿಲೆ ಸೇರಿದೆ. ಆದರೆ ಅದರ ಅಳತೆ ಸ್ಪಷ್ಟ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ನಿದ್ದೆ, ಓದು, ಗೆಳೆತನಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಾಣುತ್ತಿದ್ದರೂ ಬಿಡಲಾಗುತ್ತಿರಬಾರದು, ಸಾಮಾನ್ಯವಾಗಿ ಇದು 12 ತಿಂಗಳಷ್ಟು ಕಾಲ ಇರಬೇಕು. ಹಾಗೆ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಆನ್‌ಲೈನ್ ಪಾವತಿಯ ಗುಟ್ಟಿನ ಸಂಖ್ಯೆ ಮಕ್ಕಳಿಗೆ ಕೊಡಬೇಡಿ, ಅಪರಿಚಿತರ ಜೊತೆಗಿನ ಚಾಟ್ ಆರಿಸಿಡಿ, ರಾತ್ರಿ ಫೋನ್ ದೊಡ್ಡವರ ಕೋಣೆಯಲ್ಲಿರಲಿ ಎಂಬ ಮೂರು ಮಾತನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಮನೆಗೆ ಕಳಿಸಿ.

ಹೆಜ್ಜೆ 8: ಸೋಮವಾರದಿಂದ ಮುಂದೆ

ಎಲ್ಲ ಗೇಮುಗಳನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿ, ಪ್ರತಿ ಶಾಲೆಗೂ ಒಂದು ಪ್ರತಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿಯೂ ಹಾಕಿಸಿ. ಮನೆಯಲ್ಲಿ ಯಂತ್ರವಿಲ್ಲದ ಮಗು ರಜೆಯಲ್ಲಿ ತನ್ನ ಗೇಮ್ ಮುಂದುವರಿಸಲು ಅದೇ ಜಾಗ. ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿ ಗೇಮ್ ಕೂಟಕ್ಕೆ ಮೀಸಲಿಡಿ, ಶನಿವಾರದ ಕೊನೆಯ ಅವಧಿ ಅನುಕೂಲ. ಶುಕ್ರವಾರ ಬಂದಿದ್ದ ಶಿಕ್ಷಕರು ತಿಂಗಳಿಗೊಮ್ಮೆ ಸಮೂಹ ಸಂಪನ್ಮೂಲ ಕೇಂದ್ರದ ಸಭೆ ಮುಗಿದ ಮೇಲೆ ಅರ್ಧ ಗಂಟೆ ಕೂತು, ಯಾವ ಪಾಠಕ್ಕೆ ಯಾವ ಆಟ ಮಾಡಿದೆವು, ಎಲ್ಲಿ ಕೈಕೊಟ್ಟಿತು ಎಂದು ಹಂಚಿಕೊಳ್ಳಲಿ.

ಮುಂದಿನ ವರ್ಷದ ಹಬ್ಬ ಬೇರೆ ಶಾಲೆಗೆ ಹೋಗಲಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬವನ್ನು ವರ್ಷಕ್ಕೊಂದು ಕುಟುಂಬ ವಹಿಸಿಕೊಂಡು ನಡೆಸುವಂತೆ, ಇದನ್ನೂ ವರ್ಷಕ್ಕೊಂದು ಶಾಲೆ ವಹಿಸಿಕೊಂಡರೆ ಕೆಲಸ ಬಲ್ಲವರ ಸಂಖ್ಯೆ ಜಿಲ್ಲೆಯಲ್ಲಿ ಬೆಳೆಯುತ್ತ ಹೋಗುತ್ತದೆ. ಭಾನುವಾರ ಸಂಜೆಯೇ ಮುಂದಿನ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಪೆಟ್ಟಿಗೆ ಒಪ್ಪಿಸಿ. ಅದರಲ್ಲಿ ಎರಡು ಪೆನ್‌ಡ್ರೈವ್, ಕನ್ನಡ ಚಾರ್ಟ್‌ಗಳು, ಚೌಕಾಬಾರದ ಮಣೆ ಮತ್ತು ಕವಡೆ, ಒಪ್ಪಿಗೆ ಚೀಟಿಯ ಮಾದರಿ, ಇಲಾಖೆಗೆ ಬರೆದ ಪತ್ರಗಳ ಪ್ರತಿ, ಖರ್ಚಿನ ಲೆಕ್ಕ, ಸ್ವಯಂಸೇವಕರ ಕಾಲೇಜಿನ ವಿಳಾಸ, ಜನರೇಟರ್‌ನವರ ಫೋನ್ ಸಂಖ್ಯೆ ಇರಲಿ.